ಲೈನ್ ಮನೆ ಹುಡುಗಿಯರಿಗೆ ಕಬ್ಬಿಣದ ಮಾತ್ರೆ ಎಲ್ಲಿ ಸಿಗುತ್ತದೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಪೊನ್ನಂಪೇಟೆ ಕಡೆಯವಳು. ನಮ್ಮ ಪಕ್ಕದ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರು ಇರುವ ಸಾಲು ಮನೆಗಳಲ್ಲಿ, ಶಾಲೆ ಬಿಟ್ಟ ಆರು ಹುಡುಗಿಯರಿದ್ದಾರೆ. ಹದಿನಾಲ್ಕರಿಂದ ಹದಿನೇಳು ವಯಸ್ಸು. ಕೊಯ್ಲು ಶುರುವಾದರೆ ಅಪ್ಪ ಅಮ್ಮನ ಜೊತೆ ಇವರೂ ತೋಟದಲ್ಲೇ. ಮೊನ್ನೆ ಒಬ್ಬಳು ತಲೆ ಸುತ್ತಿ ಬಿದ್ದಳು. ಪರೀಕ್ಷೆ ಮಾಡಿಸಿದರೆ ರಕ್ತ ತುಂಬಾ ಕಡಿಮೆ. ಅವಳ ಮುಖ ನೋಡಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ.

2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ (ಹದಿಹರೆಯದವರ ಆರೋಗ್ಯಕ್ಕೆ ಇರುವ ಸರ್ಕಾರಿ ಯೋಜನೆ) 10ರಿಂದ 19 ವರ್ಷದ ಎಲ್ಲರಿಗೂ ಇದೆ, ಶಾಲೆ ಬಿಟ್ಟವರಿಗೂ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಶಾಲೆಯಲ್ಲಿ ಕೊಡುತ್ತಾರೆ, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ. ಅಷ್ಟು ಗೊತ್ತು.

ಅಂಗನವಾಡಿಗೆ ಹೋದೆ. ಪಟ್ಟಿಯಲ್ಲಿ ಹೆಸರಿಲ್ಲ, ಇವರು ಹೊರಗಿನಿಂದ ಬಂದವರು ಅಂದರು. ಆಸ್ಪತ್ರೆಯಲ್ಲಿ ಕೇಳಿದರೆ ಅಂಗನವಾಡಿಗೇ ಹೋಗಿ ಅಂದರು. ಪಂಚಾಯಿತಿಯಲ್ಲಿ ಆಧಾರ್ ವಿಳಾಸ ಇಲ್ಲಿಯದ್ದಲ್ಲ ಅಂತ ವಾಪಸ್ ಕಳಿಸಿದರು. ಆಶಾ ಅಕ್ಕ ಪಾಪ ಒಳ್ಳೆಯವರು, ಆದರೆ ಅವರ ಕೈಯಲ್ಲೂ ಏನಿಲ್ಲ. ಎರಡು ತಿಂಗಳು ಸುಮ್ನೆ ಓಡಾಡಿದ್ದಾಯಿತು.

ಇನ್ನೊಂದು ವಿಷಯ. ಮಕ್ಕಳ ಗ್ರಾಮಸಭೆಗೆ ಶಾಲೆಯ ಮಕ್ಕಳನ್ನೇ ಕರೆಯುತ್ತಾರೆ. ಈ ಹುಡುಗಿಯರೂ ಅಲ್ಲಿ ನಿಂತು ಮಾತಾಡಬೇಕು ಅಲ್ವಾ? ಅವರ ಕಷ್ಟ ಅವರಿಗೇ ಜಾಸ್ತಿ ಗೊತ್ತು.

ಈಗ ನನ್ನ ಪ್ರಶ್ನೆ: ಬೇರೆ ಜಿಲ್ಲೆಯ ಆಧಾರ್ ಇರುವ ಹುಡುಗಿಯರ ಹೆಸರನ್ನು ಇಲ್ಲಿನ ಅಂಗನವಾಡಿ ಪಟ್ಟಿಗೆ ಸೇರಿಸಲು ಯಾರಿಗೆ ಅರ್ಜಿ ಕೊಡಬೇಕು? ಅಂಗನವಾಡಿ ಮೇಲ್ವಿಚಾರಕಿಗಾ, ತಾಲ್ಲೂಕು ಆರೋಗ್ಯಾಧಿಕಾರಿಗಾ? ನಿಮ್ಮ ಕಡೆ ಯಾರಾದರೂ ಮಾಡಿಸಿದ್ದರೆ ಯಾವ ಕಾಗದ ಕೇಳಿದರು ಅಂತಲೂ ಹೇಳಿ.