ಅಪ್‌ಡೇಟ್: ಅಮ್ಮನ ಮೂತ್ರದ ವಾಸನೆಗೆ ಕಾರಣ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ: ಅಮ್ಮನ ಮೂತ್ರ ಗಾಟು ಹೊಡೆಯುತ್ತಿದೆ, ಬಿ ಕಾಂಪ್ಲೆಕ್ಸ್ ಮಾತ್ರೆಯಿಂದ ಇರಬಹುದಾ ಅಂತ. ಮಾತ್ರೆ ನಿಲ್ಲಿಸಿದೆವು. ಕಡು ಹಳದಿ ಬಣ್ಣ ಹೋಯಿತು, ವಾಸನೆ ಹೋಗಲಿಲ್ಲ. ಆಮೇಲೆ ಉರಿಯೂ ಶುರುವಾಯಿತು.

ಡಾಕ್ಟರ್ ಯೂರಿನ್ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿಸಿದರು. ಮೊದಲ ಧಾರೆ ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಬೇಕು, ಇಲ್ಲಾಂದ್ರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿ ರಿಪೋರ್ಟ್ ಕೆಡುತ್ತದೆ. ಮೂರನೇ ದಿನ ಗೊತ್ತಾಯಿತು: ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದಿಂದ ಮೂತ್ರನಾಳದ ಸೋಂಕು. ಜೊತೆಗೆ ಮಾಡಿಸಿದ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ, ಕೀಟೋನ್ (ಸಕ್ಕರೆ ಕಾಯಿಲೆ ಹೆಚ್ಚಾದಾಗ ಮೂತ್ರದಲ್ಲಿ ಕಾಣಿಸಬಹುದಾದವು) ಇರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಅದೇ. ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿದರು, ವಾಸನೆ ಹೋಗಿದೆ.

ನೀರು ಕಮ್ಮಿಯಾದದ್ದೂ ಸೋಂಕಿಗೆ ಒಂದು ಕಾರಣ ಇರಬಹುದು: ಮಂಡಿನೋವಲ್ಲಿ ರಾತ್ರಿ ಏಳೋದು ಕಷ್ಟ ಅಂತ ಅಮ್ಮ ಸಂಜೆಯಿಂದಲೇ ನೀರು ಕುಡಿಯುತ್ತಿರಲಿಲ್ಲವಂತೆ. ಹಾಸಿಗೆ ಪಕ್ಕದ ಚೊಂಬು ಬೆಳಿಗ್ಗೆಯೂ ತುಂಬಿದ ಹಾಗೇ ಇರುತ್ತಿತ್ತು. ನಾನು ಗಮನಿಸಿರಲೇ ಇಲ್ಲ. ಈಗ ಹಗಲಲ್ಲೇ ಪಕ್ಕದಲ್ಲಿ ಕೂತು ಕುಡಿಸುತ್ತೇನೆ.