ನಾಫೆಡ್ ನಮ್ಮ ಮೆಕ್ಕೆಜೋಳವನ್ನು ಏಕೆ ಕೊಳ್ಳುವುದಿಲ್ಲ?

ಹೊಳೆದಂಡೆ (ಸೊರಬ ತಾಲ್ಲೂಕು):

ಮಾನ್ಯರೇ, ನಮ್ಮದು ಎರಡು ಎಕರೆ ಗದ್ದೆ, ಎರಡೂವರೆ ಎಕರೆ ಖುಷ್ಕಿ, ಮುಕ್ಕಾಲು ಎಕರೆ ಅಡಿಕೆ ತೋಟ. ಖುಷ್ಕಿಗೆ ಮೆಕ್ಕೆಜೋಳ ಹಾಕಿದ್ದೆವು. ಈ ಸಲ ಕಟಾವಿನ ಹೊತ್ತಿಗೇ ಮಳೆ ಹಿಡಿದುಕೊಂಡಿದ್ದರಿಂದ ಮುರಿದ ತೆನೆಯನ್ನು ಒಂಬತ್ತು ದಿನ ಕಣದಲ್ಲಿ ಟಾರ್ಪಾಲಿನ ಕೆಳಗೇ ಇಡಬೇಕಾಯಿತು. ಕೊನೆಗೂ ಒಕ್ಕಣೆ ಮುಗಿಸಿದ ಮೇಲೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಯೊಬ್ಬರು ಮುಷ್ಟಿಯಲ್ಲಿ ಕಾಳು ಹಿಡಿದು, ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಕ್ವಿಂಟಾಲಿಗೆ 1,700 ರೂಪಾಯಿ ಎಂದರು. ಅದರ ಮೇಲೆ ಚೀಲಕ್ಕೆ ಒಂದು ಕೆ.ಜಿ. ಹೆಚ್ಚಿಗೆ ತೂಗಬೇಕಂತೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿರುವ ಬೆಂಬಲ ಬೆಲೆಯಾದರೋ 2,400 ರೂಪಾಯಿ.

ಅರಸೀಕೆರೆ ಕಡೆ ನನ್ನ ಭಾವನವರಿದ್ದಾರೆ. ಅವರು 2024ರಲ್ಲಿ ಉಂಡೆ ಕೊಬ್ಬರಿಯನ್ನು ನಾಫೆಡ್ ಕೇಂದ್ರಕ್ಕೆ ಕ್ವಿಂಟಾಲಿಗೆ 12,000 ರೂಪಾಯಿಯ ಬೆಂಬಲ ಬೆಲೆಯಲ್ಲಿ ಕೊಟ್ಟು, ಹಣ ಬರುವುದು ತಡವಾದರೂ ಪೂರ್ತಿ ಪಡೆದರು. ಅದೇ ನಾಫೆಡ್ ನಮ್ಮಲ್ಲಿಗೆ ಏಕೆ ಬರುವುದಿಲ್ಲ ಎಂದು ಇಲ್ಲಿ ವಿಚಾರಿಸಿದರೆ, ‘ಇಲ್ಲಿಗೆ ಅವರು ಬರುವುದಿಲ್ಲ’ ಎಂಬ ಉತ್ತರವಲ್ಲದೆ ಕಾರಣ ಯಾರಿಂದಲೂ ಸಿಗಲಿಲ್ಲ. ನಾಫೆಡ್ ಎಂದರೆ ಸರ್ಕಾರದ ಇಲಾಖೆಯೇ? ಕೊಬ್ಬರಿಗೆ ಇರುವ ದಾರಿ ಜೋಳಕ್ಕೆ ಏಕಿಲ್ಲ? ಅಡಿಕೆಗೂ ಇಂಥದೊಂದು ಖರೀದಿ ಬರುವ ಸಾಧ್ಯತೆ ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಯ ಕಾರ್ಯದರ್ಶಿ (ತೀರ್ಥಹಳ್ಳಿ):

ಹೊಳೆದಂಡೆಯವರೇ, ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನಾದ್ದರಿಂದ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ನಾಫೆಡ್ ಸರ್ಕಾರದ ಇಲಾಖೆಯಲ್ಲ. 1958ರ ಅಕ್ಟೋಬರ್ 2ರಂದು ಸ್ಥಾಪನೆಯಾದ, ದೇಶದ ಸಹಕಾರ ಮಾರಾಟ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಮಹಾಮಂಡಳ ಅದು. ಅದರ ನೌಕರರು ಊರೂರಿಗೆ ತಕ್ಕಡಿ ಹೊತ್ತುಕೊಂಡು ಬರುವುದಿಲ್ಲ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಯೋಜನೆಯಡಿ ಒಂದು ಬೆಳೆಯ ಖರೀದಿಗೆ ಒಪ್ಪಿಗೆ ಕೊಟ್ಟಾಗ ನಾಫೆಡ್ ರಾಜ್ಯದ ಸಹಕಾರ ಮಾರಾಟ ಮಹಾಮಂಡಳಕ್ಕೆ ಹೇಳುತ್ತದೆ, ಮಹಾಮಂಡಳ ತಾಲ್ಲೂಕಿನ ಮಾರಾಟ ಸಂಘಕ್ಕೋ ಪ್ರಾಥಮಿಕ ಪತ್ತಿನ ಸಂಘಕ್ಕೋ ಹೇಳುತ್ತದೆ, ಆ ಸಂಘದವರು ಎ.ಪಿ.ಎಂ.ಸಿ. ಆವರಣದಲ್ಲಿ ಕೇಂದ್ರ ತೆರೆಯುತ್ತಾರೆ. ಕೊಂಡ ಮಾಲು ಉಗ್ರಾಣ ಸೇರಿ, ಉಗ್ರಾಣದ ರಸೀದಿ ಮೇಲಕ್ಕೆ ಹೋದ ನಂತರವೇ ಹಣ ಕೆಳಗಿಳಿಯುವುದರಿಂದ ನಿಮ್ಮ ಭಾವನವರು ಕಾಯಬೇಕಾಗಿ ಬಂದಿದ್ದು. ಮಾಲನ್ನು ಮಾರಿದಾಗ ನಷ್ಟವಾದರೆ ಅದನ್ನು ಹೊರುವುದು ಕೇಂದ್ರ ಸರ್ಕಾರ, ನಾಫೆಡ್ ಅಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೆಂಬಲ ಬೆಲೆ ಘೋಷಣೆಯಾಗುವುದು 22 ಬೆಳೆಗಳಿಗೆ. ಘೋಷಣೆಯಾದ ಮಾತ್ರಕ್ಕೆ ಎಲ್ಲವನ್ನೂ ಒಬ್ಬರೇ ಕೊಳ್ಳುತ್ತಾರೆಂದು ಅರ್ಥವಲ್ಲ. ನಾಫೆಡ್ ನಡೆಸುವ ಬೆಂಬಲ ಬೆಲೆ ಯೋಜನೆ ಇರುವುದು ದ್ವಿದಳ ಧಾನ್ಯ, ಎಣ್ಣೆಕಾಳು ಮತ್ತು ಕೊಬ್ಬರಿಗೆ. ಭತ್ತ, ಗೋಧಿ ಮತ್ತು ರಾಗಿ, ಬಿಳಿಜೋಳ, ಮೆಕ್ಕೆಜೋಳದಂಥ ಒರಟು ಧಾನ್ಯಗಳ ದಾರಿಯೇ ಬೇರೆ: ಅವು 1965ರಲ್ಲಿ ಹುಟ್ಟಿದ ಭಾರತ ಆಹಾರ ನಿಗಮದ ಕೇಂದ್ರೀಯ ದಾಸ್ತಾನಿಗೆ ಸೇರುವಂಥವು. ಕರ್ನಾಟಕದಲ್ಲಿ ವಿಕೇಂದ್ರೀಕೃತ ಪದ್ಧತಿ ಇರುವುದರಿಂದ ರಾಜ್ಯದ ಸಂಸ್ಥೆಗಳೇ ಕೊಂಡು ಇಲ್ಲಿಯ ಪಡಿತರಕ್ಕೇ ಹಂಚುತ್ತವೆ.

ಗಂಟು ಇರುವುದು ಇಲ್ಲಿಯೇ. ಹೀಗೆ ಕೊಂಡ ಒರಟು ಧಾನ್ಯವನ್ನು ಪಡಿತರದಲ್ಲಿ ಹಂಚಿ ಮುಗಿಸಬೇಕೆಂಬುದು ನಿಯಮ. ರಾಗಿ ಕೊಂಡರೆ ದಕ್ಷಿಣದ ಜಿಲ್ಲೆಗಳವರು ಮುದ್ದೆ ಮಾಡುತ್ತಾರೆ, ಬಿಳಿಜೋಳ ಕೊಂಡರೆ ಉತ್ತರದವರು ರೊಟ್ಟಿ ಬಡಿಯುತ್ತಾರೆ, ಮೆಕ್ಕೆಜೋಳವನ್ನು ನ್ಯಾಯಬೆಲೆ ಅಂಗಡಿಯಲ್ಲಿ ಅಳೆದುಕೊಟ್ಟರೆ ಮನೆಗೆ ಒಯ್ದು ಏನು ಮಾಡುವುದು? ನಮ್ಮ ಜೋಳ ಹೋಗುವುದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೆ. ತೊಗರಿ ಕೊಂಡರೆ ದೇಶದ ಬೇಳೆಯ ದಾಸ್ತಾನಾಗುತ್ತದೆ, ಬೆಲೆ ಏರಿದಾಗ ಹೊರಬಿಡಬಹುದು; 2023ರಲ್ಲಿ ‘ಭಾರತ್’ ಹೆಸರಿನ ಕಡಲೆಬೇಳೆಯನ್ನು ಕೆ.ಜಿ.ಗೆ 60 ರೂಪಾಯಿಯಂತೆ ಮಾರಿದ್ದು ಇಂಥ ದಾಸ್ತಾನಿನಿಂದಲೇ. ಆದ್ದರಿಂದ ಖರೀದಿ ಕೇಂದ್ರ ಎಲ್ಲಿ ತೆರೆಯುತ್ತದೆ ಎಂಬುದನ್ನು ಪೇಟೆಯ ಧಾರಣೆ ಎಷ್ಟು ಬಿತ್ತು ಎನ್ನುವುದಕ್ಕಿಂತ, ಕೊಂಡ ಮಾಲು ಮುಂದೆ ಯಾರ ಮನೆ ಸೇರುತ್ತದೆ ಎನ್ನುವುದೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಬೆಳೆಯುವವನಿಗೆ 2,400 ಎಂಬ ಅಂಕಿಯನ್ನು ತೋರಿಸಿ, ಕೊಳ್ಳುವವರನ್ನು ತೋರಿಸದಿರುವುದು ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ.

ಜೋಳದ ಹತ್ತಿರ ನಾಫೆಡ್ ಸುಳಿದೇ ಇಲ್ಲವೆಂದಲ್ಲ. 2024ರ ಆರಂಭದಲ್ಲಿ ಎಥೆನಾಲಿಗಾಗಿ ನಾಫೆಡ್ ಮತ್ತು ಎನ್.ಸಿ.ಸಿ.ಎಫ್. ಎಂಬ ಗ್ರಾಹಕರ ಸಹಕಾರ ಒಕ್ಕೂಟ ಅಂದಿನ ಬೆಂಬಲ ಬೆಲೆಯಾದ 2,090 ರೂಪಾಯಿಗೆ ಮೆಕ್ಕೆಜೋಳ ಕೊಂಡು, ಡಿಸ್ಟಿಲರಿಗಳಿಗೆ 2,291 ರೂಪಾಯಿಗೆ ಒದಗಿಸಬೇಕೆಂಬ ಯೋಜನೆ ಬಂತು. ಆಗ ನಮ್ಮ ಕಡೆ ವ್ಯಾಪಾರಿಗಳೇ ಅದಕ್ಕಿಂತ ಹೆಚ್ಚು ಕೊಡುತ್ತಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2025ರ ನವೆಂಬರಿನಲ್ಲಿ ಧಾರಣೆ ಕುಸಿದಾಗ ಮುಖ್ಯಮಂತ್ರಿಗಳು ಪ್ರಧಾನಿಯವರಿಗೆ ಪತ್ರ ಬರೆದರು. ಸಹಕಾರ ಸಂಘಗಳ ಮೂಲಕ ಡಿಸ್ಟಿಲರಿಗಳಿಗೆ ಕೊಡಿಸುವ ಏರ್ಪಾಡಿಗೆ ರಾಜ್ಯವೂ ಕೈ ಹಾಕಿತು. ಆದುದರಿಂದ ನೀವು ‘ನಾಫೆಡ್ ಬರುತ್ತದೆಯೇ’ ಎಂದು ಕೇಳುವುದನ್ನು ಬಿಟ್ಟು, ‘ಡಿಸ್ಟಿಲರಿಗೆ ಕೊಡುವ ಜೋಳದ ನೋಂದಣಿ ನಮ್ಮ ಸಂಘದಲ್ಲಿದೆಯೇ’ ಎಂದು ಕೇಳಿ ನೋಡಿ.

ಅಡಿಕೆಯ ವಿಷಯ ಚಿಕ್ಕದು. ಅದು 22 ಬೆಳೆಗಳ ಪಟ್ಟಿಯಲ್ಲಿಲ್ಲ, ಅದನ್ನು ಯಾರೂ ಆಹಾರವೆಂದು ದಾಸ್ತಾನು ಮಾಡುವುದಿಲ್ಲ. ಕೇಂದ್ರ ಸರ್ಕಾರ ಅಡಿಕೆಯನ್ನು ಕಾಯುವುದು ಗಡಿಯಲ್ಲಿ: 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಅದಕ್ಕಾಗಿಯೇ. ಒಳಗಿನ ಮಾರಾಟಕ್ಕೆ ನಮ್ಮ ಹಿರಿಯರು ಯಾರನ್ನೂ ಕಾಯದೆ 1939ರಲ್ಲೇ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘವನ್ನು ಕಟ್ಟಿಕೊಂಡರು, ನಾಫೆಡ್ ಹುಟ್ಟುವುದಕ್ಕೆ ಹತ್ತೊಂಬತ್ತು ವರ್ಷ ಮುಂಚೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ಧಾರಣೆ ಇವತ್ತಿಗೂ ಅಂಥ ಸಂಘಗಳ ಟೆಂಡರಿನಲ್ಲಿ ಕಾಣುತ್ತದೆ.

ಕುಮದ್ವತಿ (ಶಿಕಾರಿಪುರ):

ಹಿರಿಯರು ಹೇಳಿದ್ದಕ್ಕೆ ತೇವಾಂಶದ ಮಾತನ್ನು ಸೇರಿಸಬೇಕು, ಏಕೆಂದರೆ ಮಲೆನಾಡಿನವರು ಸೋಲುವುದು ಹೆಚ್ಚಾಗಿ ಅಲ್ಲಿಯೇ. ಬೆಂಬಲ ಬೆಲೆಗೆ ಭತ್ತ ಕೊಡಬೇಕಾದರೆ ತೇವಾಂಶ ಶೇಕಡಾ 17ನ್ನು ಮೀರಬಾರದು, ಮೆಕ್ಕೆಜೋಳಕ್ಕೆ ಶೇಕಡಾ 14. ಬಯಲುಸೀಮೆಯಲ್ಲಿ ಎರಡು ದಿನದ ಬಿಸಿಲಿಗೆ ಮುಗಿಯುವ ಕೆಲಸ ನಮ್ಮಲ್ಲಿ ಒಂದು ವಾರ ಹಿಡಿಯುತ್ತದೆ. ಬೆಳಗಿನ ಹತ್ತರವರೆಗೆ ಮಂಜು, ಸಂಜೆ ನಾಲ್ಕಕ್ಕೇ ತೋಟದ ನೆರಳು.

ಹೋದ ವರ್ಷ ನಾನು ಭತ್ತದ ಮಾದರಿಯನ್ನು ಒಂದು ಕೇಂದ್ರಕ್ಕೆ ಒಯ್ದಿದ್ದೆ. ಅಲ್ಲಿದ್ದವರು ಒಂದು ಹಿಡಿ ಕಾಳನ್ನು ಬಟ್ಟಲಿಗೆ ಸುರಿದು ಮೀಟರಿನ ಗುಂಡಿ ಒತ್ತಿದರು, 19.4 ಬಂತು. ಇನ್ನೊಂದು ಚೀಲದ್ದು 18.6. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಮನೆಗೆ ಬಂದು ನಾಲ್ಕು ದಿನ ಸಿಮೆಂಟಿನ ಕಣದಲ್ಲಿ ತೆಳ್ಳಗೆ ಹರವಿ, ಗಂಟೆಗೊಮ್ಮೆ ಕಾಲಿನಲ್ಲಿ ಸಾಲೆಳೆದು, ಸಂಜೆ ಇಬ್ಬನಿ ಬೀಳುವ ಮುಂಚೆ ಗುಡ್ಡೆ ಮಾಡಿ ಮುಚ್ಚಿದೆವು. ಎರಡನೆಯ ಸಲ 16.2 ತೋರಿಸಿತು. ಭತ್ತವನ್ನು ಹಲ್ಲಿನಲ್ಲಿ ಕಚ್ಚಿದಾಗ ‘ಕಟ್’ ಎಂದು ಮುರಿದರೆ ಒಣಗಿದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಮೀಟರಿನ ಲೆಕ್ಕವೂ ಅದಕ್ಕೆ ಬಹಳ ದೂರವಿಲ್ಲವೆಂದು ಆವತ್ತು ಗೊತ್ತಾಯಿತು.

ಒಣಗಿಸಿದರೆ ತೂಕ ಇಳಿಯುತ್ತದೆಂದು ಹಿಂಜರಿಯುವವರಿದ್ದಾರೆ. ನೂರು ಕೆ.ಜಿ. ಭತ್ತಕ್ಕೆ 67 ಕೆ.ಜಿ. ಅಕ್ಕಿಯನ್ನು ಗಿರಣಿಯವರು ಸರ್ಕಾರಕ್ಕೆ ಒಪ್ಪಿಸಬೇಕಾಗಿರುವುದರಿಂದ, ಹಸಿ ಭತ್ತವನ್ನು ಅವರು ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಭತ್ತಕ್ಕೆ 2025-26ನೇ ಸಾಲಿನ ಬೆಂಬಲ ಬೆಲೆ ಸಾಮಾನ್ಯ ತಳಿಗೆ 2,369, ಎ ದರ್ಜೆಗೆ 2,389 ರೂಪಾಯಿ. ಸಣ್ಣ ಅಕ್ಕಿಯ ತಳಿಗಳಿಗೆ ಪೇಟೆಯಲ್ಲೇ ಇದಕ್ಕಿಂತ ಹೆಚ್ಚು ಸಿಗುತ್ತದೆ, ಅದನ್ನು ಕೇಂದ್ರಕ್ಕೆ ಒಯ್ಯಬೇಡಿ. ದಪ್ಪ ಭತ್ತವಾದರೆ ಮಾತ್ರ ಲೆಕ್ಕ ಹಾಕಿ ನೋಡಿ.

ಹಿನ್ನೀರಿನ ಮನೆ (ಸಾಗರ):

ಇಲ್ಲಿ ಯಾರೂ ಪಹಣಿಯ ಮಾತೆತ್ತಲಿಲ್ಲ. ಬೆಂಬಲ ಬೆಲೆಯ ನೋಂದಣಿಗೆ ‘ಫ್ರೂಟ್ಸ್’ ಎಂಬ ರಾಜ್ಯದ ರೈತರ ನೋಂದಣಿ ವ್ಯವಸ್ಥೆಯ ಗುರುತಿನ ಸಂಖ್ಯೆ ಬೇಕು, ಆ ಸಂಖ್ಯೆಗೆ ಜಮೀನಿನ ಸರ್ವೆ ನಂಬರು ಜೋಡಣೆಯಾಗಿರಬೇಕು. ನಮ್ಮ ಮಾವನವರ ತಂದೆ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರು. ಅವರು ಕಾಡಿನಂಚಿನಲ್ಲಿ ಗದ್ದೆ ಮಾಡಿ ಅರವತ್ತು ವರ್ಷವಾದರೂ ಅದರಲ್ಲಿ ಒಂದು ಭಾಗಕ್ಕೆ ಮಾತ್ರ ಪಹಣಿ ಇದೆ, ಅದೂ ಇನ್ನೂ ಮಾವನವರ ಹೆಸರಿನಲ್ಲಿ. ಉಳಿದದ್ದು ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿಕೊಂಡ ಸರ್ಕಾರಿ ಜಮೀನು. ಗದ್ದೆಯಲ್ಲಿ ಬೆಳೆದ ಭತ್ತ ಕಣ್ಣೆದುರಿಗೇ ಇದ್ದರೂ ಗಣಕಯಂತ್ರದಲ್ಲಿ ಅದು ಇಲ್ಲ. ಗೇಣಿಗೆ ಮಾಡುವವರ ಪಾಡೂ ಇದೇ.

ಇದರ ಇನ್ನೊಂದು ಮುಖವನ್ನೂ ಹೇಳುತ್ತೇನೆ. ನಮ್ಮದು ಬಿ.ಪಿ.ಎಲ್. ಕಾರ್ಡು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ ಬರುತ್ತದೆ. ರಾಜ್ಯ ಸರ್ಕಾರ ಇನ್ನೂ 5 ಕೆ.ಜಿ. ಕೊಡಲು ಹೊರಟಾಗ, 2023ರ ಜೂನಿನಲ್ಲಿ ರಾಜ್ಯಗಳಿಗೆ ಆಹಾರ ನಿಗಮದ ಮುಕ್ತ ಮಾರಾಟದ ಅಕ್ಕಿ ನಿಂತುಹೋಗಿ, ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನವಾಗಿದ್ದು 2025ರ ಫೆಬ್ರವರಿಯಲ್ಲಿ. ಅಕ್ಕಿ ಎಲ್ಲಿಂದ ತರುವುದೆಂದು ಬೆಂಗಳೂರು, ದೆಹಲಿಗಳಲ್ಲಿ ಅಷ್ಟೆಲ್ಲ ಪತ್ರಗಳು ಓಡಾಡುತ್ತಿದ್ದ ಆ ಒಂದೂವರೆ ವರ್ಷ, ನಮ್ಮ ಅಟ್ಟದ ಭತ್ತವನ್ನು ಪಹಣಿ ಇಲ್ಲವೆಂಬ ಕಾರಣಕ್ಕೆ ವ್ಯಾಪಾರಿ ಕೇಳಿದ ಬೆಲೆಗೆ ಕೊಟ್ಟೆವು. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ, ಹೊಳೆದಂಡೆಯ ಅಣ್ಣನವರು ಕಾಗದವನ್ನು ಮೊದಲು ನೋಡಿಕೊಳ್ಳಲಿ ಎಂದಷ್ಟೇ.

ಹೊಳೆದಂಡೆ:

ಎಲ್ಲರಿಗೂ ವಂದನೆಗಳು. ನಾಫೆಡ್ ಹೆಸರು ಹಿಡಿದು ಬೇರೆ ಬಾಗಿಲನ್ನು ತಟ್ಟುತ್ತಿದ್ದೆ ಎಂಬುದು ಈಗ ಅರ್ಥವಾಯಿತು. ಇನ್ನೊಂದು ಸಂದೇಹ: ಮುಂದಿನ ವರ್ಷ ಖುಷ್ಕಿಗೆ ಶುಂಠಿ ಹಾಕಬೇಕೆಂದು ಮಗ ಹೇಳುತ್ತಿದ್ದಾನೆ. ಅದರ ಬೆಲೆ ಬಿದ್ದರೆ ಕೇಳುವವರು ಯಾರಾದರೂ ಇದ್ದಾರೆಯೇ?

ಹಳೆಯ ಕಾರ್ಯದರ್ಶಿ:

ಶುಂಠಿಗೂ ಬೆಂಬಲ ಬೆಲೆ ಇಲ್ಲ. ಬೆಂಬಲ ಬೆಲೆ ಇಲ್ಲದ, ಕೆಡುವಂಥ ಬೆಳೆಗಳಿಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಎಂಬುದೊಂದಿದೆ. ಹಿಂದಿನ ಸಾಮಾನ್ಯ ವರ್ಷದ ಧಾರಣೆಗಿಂತ ಕನಿಷ್ಠ ಶೇಕಡಾ 10 ಕುಸಿದಿರಬೇಕು, ರಾಜ್ಯ ಸರ್ಕಾರವೇ ಕೋರಿಕೆ ಕಳಿಸಬೇಕು, ನಷ್ಟದಲ್ಲಿ ಅರ್ಧವನ್ನು ರಾಜ್ಯವೇ ಹೊರಬೇಕು. ಆ ಅರ್ಧದ ಕಾರಣಕ್ಕೇ ಕೋರಿಕೆ ಬೇಗ ಹೊರಡುವುದಿಲ್ಲ ಎಂಬುದು ನನ್ನ ಅನುಮಾನ. 2025ರಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದಾಗ ಇದೇ ಯೋಜನೆಯಡಿ ಕೋಲಾರದ ಕಡೆಯ ಬೆಳೆಗಾರರಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಕೇಂದ್ರ ಒಪ್ಪಿತು. ಬೆಳೆಗಾರರು ಬೀದಿಗಿಳಿದು ಕೇಳಿದ್ದರಿಂದ ಅದು ಆಯಿತು. ಶುಂಠಿಯವರು ಅಷ್ಟು ಒಟ್ಟಾಗಿದ್ದನ್ನು ನಾನು ನೋಡಿಲ್ಲ. ನಿಮ್ಮ ಮಗನಿಗೆ ಎರಡೂವರೆ ಎಕರೆಗೂ ಒಂದೇ ಬೆಳೆ ಹಾಕಬೇಡವೆಂದು ಹೇಳಿ.

ಸಾಗರದ ತಂಗಿ ಹೇಳಿದ ಕಾಗದದ ವಿಷಯದಲ್ಲಿ ಇನ್ನೊಂದು ಮಾತು. ಪಹಣಿ ಸರಿಯಿದ್ದರೆ ಸಾಲದು, ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದೂ ನೋಡಿಕೊಳ್ಳಿ. ಖರೀದಿ ಕೇಂದ್ರದವರು ನಿಮ್ಮ ಚೀಲಕ್ಕಿಂತ ಮೊದಲು ನೋಡುವುದು ಅದನ್ನೇ.

ಹೊಳೆದಂಡೆ:

ನಿಮ್ಮ ಮಾತಿನಂತೆ ನಿನ್ನೆ ರಾತ್ರಿ ಮಗನ ಫೋನಿನಲ್ಲಿ ತೆಗೆದು ನೋಡಿದೆವು. ಗದ್ದೆಯ ಎರಡು ಎಕರೆ ಭತ್ತವೆಂದು ಸರಿಯಾಗಿದೆ. ಖುಷ್ಕಿಯ ಸರ್ವೆ ನಂಬರಿನಲ್ಲಿ ಮುಕ್ಕಾಲು ಎಕರೆ ಮೆಕ್ಕೆಜೋಳ, ಉಳಿದದ್ದು ಪಾಳು ಎಂದಿದೆ. ಫೋಟೋ ತೆಗೆದವನು ನನ್ನ ಮಗನೇ. ಬೇಲಿಯ ಈಚೆ ನಿಂತು ಕಂಡಷ್ಟನ್ನು ಮಾತ್ರ ತುಂಬಿದ್ದಾನೆ, ದಿಬ್ಬದ ಆಚೆಗೆ ಹೋಗಿಲ್ಲ. ಸೋಮವಾರ ಪಹಣಿಯ ಪ್ರತಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತಿದ್ದುಪಡಿಗೆ ಅವಕಾಶವಿದೆಯೇ ಎಂದು ಕೇಳುತ್ತೇನೆ. ಅಲ್ಲಿಯವರೆಗೆ ಜೋಳವನ್ನು ಇನ್ನೆರಡು ಬಿಸಿಲಿಗೆ ಹಾಕಿರುತ್ತೇವೆ, ವ್ಯಾಪಾರಿಗೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.