ಮಲೆನಾಡಿಗೆ ಯಾವ 911: ಕ್ಯಾರೆರಾ, ಕ್ಯಾರೆರಾ ಎಸ್, ಇಲ್ಲಾ 4 ಜಿಟಿಎಸ್?

ಕುಶಾವತಿ_ದಂಡೆ ಕೇಳಿದ್ದು:

ಪೋರ್ಶೆ 911 ಅನ್ನೋದು ಖಚಿತ. ಯಾವ ವೇರಿಯಂಟ್ ಅನ್ನೋದು ಮಾತ್ರ ಬಾಕಿ. ಮೂರು ಮುಂದಿವೆ: ಹೊಸ ಕ್ಯಾರೆರಾ, 2021ರ ಸುಮಾರಿನ ಸೆಕೆಂಡ್ ಹ್ಯಾಂಡ್ ಕ್ಯಾರೆರಾ ಎಸ್, ದುಡ್ಡು ಇನ್ನಷ್ಟು ಹೊಂದಿಸಿದರೆ ಹೊಸ ಕ್ಯಾರೆರಾ 4 ಜಿಟಿಎಸ್ ಹೈಬ್ರಿಡ್.

ಕಾರು ಇರೋದು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ. ವಾರಕ್ಕೊಮ್ಮೆ ಶಿವಮೊಗ್ಗ, ತಿಂಗಳಿಗೆ ಎರಡು ಸಲ ಬೆಂಗಳೂರು, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ. ಟಾರು ರಸ್ತೆಯಿಂದ ಅಂಗಳಕ್ಕೆ ಇಳಿಜಾರಿನ ಕಾಂಕ್ರೀಟ್ ದಾರಿ ಇದೆ. ಟ್ರ್ಯಾಕಿನಲ್ಲಿ ಓಡಿಸುವ ಯೋಚನೆ ಇಲ್ಲ. ಮಳೆಗಾಲದಲ್ಲೂ ಓಡಬೇಕು. ಬ್ರೋಷರ್ ಓದಿ ಆಗಿದೆ, ಈ ರಸ್ತೆಗಳ ಲೆಕ್ಕದಲ್ಲಿ ಹೇಳಿ.

ಘಾಟಿ_ಗೇರ್:

ಅಂಕಿ ಮೊದಲು ಮುಗಿಸೋಣ. ಹೊಸ ಕ್ಯಾರೆರಾ 394 ಪಿಎಸ್ (ಶಕ್ತಿ), 450 ಎನ್ಎಂ (ಟಾರ್ಕ್, ಅಂದ್ರೆ ತಿರುಗಿಸುವ ಬಲ). ಹಿಂದಿನ ಕ್ಯಾರೆರಾ ಎಸ್ 450 ಪಿಎಸ್, 530 ಎನ್ಎಂ. ಎರಡಕ್ಕೂ 3.0 ಲೀಟರಿನ ಆರು ಸಿಲಿಂಡರ್ ಟ್ವಿನ್ ಟರ್ಬೊ. 4 ಜಿಟಿಎಸ್ ಬೇರೆಯೇ ಯಂತ್ರ: 3.6 ಲೀಟರ್, ಒಂದೇ ಟರ್ಬೊ, ಅದರೊಳಗೆ ಎಲೆಕ್ಟ್ರಿಕ್ ಮೋಟರ್, ಗೇರ್‌ಬಾಕ್ಸಿನೊಳಗೆ ಇನ್ನೊಂದು. ಒಟ್ಟು 541 ಪಿಎಸ್, 610 ಎನ್ಎಂ. ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರ್ ದಾಟಿ ಹೋಗುವುದೇ ಅಪರೂಪ. ಬೇಸ್ ಕ್ಯಾರೆರಾದ ಪೂರ್ತಿ ಟಾರ್ಕ್ 2000 ಆರ್‌ಪಿಎಂನಲ್ಲೇ ಸಿಗುತ್ತೆ. ಶಕ್ತಿ ಸಾಲದು ಅನ್ನುವ ಕಾರಣಕ್ಕೆ ಮೇಲಿನ ವೇರಿಯಂಟಿಗೆ ಹೋಗಬೇಕಿಲ್ಲ.

ಇಲ್ಲಿ ತೀರ್ಮಾನ ಮಾಡಬೇಕಾದ್ದು ಟೈರು ಮತ್ತು ಮುಂಭಾಗದ ಎತ್ತರ. ಬೇಸ್ ಕ್ಯಾರೆರಾಗೆ ಮುಂದೆ 235/40 ಆರ್19, ಹಿಂದೆ 295/35 ಆರ್20. ಎಸ್‌ಗೆ ಮುಂದೆ 245/35 ಆರ್20, ಹಿಂದೆ 305/30 ಆರ್21. ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನೋದು, ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿ ನೋಡಿ: ಹಿಂದಿನ ಟೈರಿನ ಪಕ್ಕೆ ಬೇಸ್‌ನಲ್ಲಿ 103 ಮಿ.ಮೀ., ಎಸ್‌ನಲ್ಲಿ 91. ಮುಂದೆ 94 ಮತ್ತು 86. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಅದರ ಚೂಪು ಅಂಚಿಗೆ ಬಡಿದಾಗ ರಿಮ್ ಬಾಗುವುದೋ ಪಕ್ಕೆ ಉಬ್ಬುವುದೋ ಈ ಹತ್ತು ಮಿಲಿಮೀಟರಿನಲ್ಲೇ ನಿರ್ಧಾರ ಆಗುತ್ತೆ. ಬೇಸ್ ತಗೊಂಡು ಚೆಂದಕ್ಕೆ 20/21 ಇಂಚಿನ ಚಕ್ರ ಆರಿಸಿದರೆ ಈ ಅನುಕೂಲವನ್ನು ನೀವೇ ಕಳೆದುಕೊಂಡ ಹಾಗೆ.

ಸ್ಟೆಪ್ನಿ ಯಾವುದಕ್ಕೂ ಇಲ್ಲ, ಸೀಲೆಂಟ್ ಬಾಟಲಿ ಮತ್ತು ಕಂಪ್ರೆಸರ್ ಅಷ್ಟೇ. ಮೊಳೆ ತೂತಿಗೆ ಅದು ಸಾಕು, ಪಕ್ಕೆ ಹರಿದರೆ ಫ್ಲಾಟ್‌ಬೆಡ್ ಲಾರಿ ಬರಲೇಬೇಕು. ನೋಡುತ್ತಿರುವ ಜಿಟಿಎಸ್‌ನಲ್ಲಿ ಮಧ್ಯೆ ಒಂದೇ ನಟ್ ಇರುವ ಸೆಂಟರ್ ಲಾಕ್ ಚಕ್ರ ಇದ್ದರೆ ಇನ್ನೊಂದು ತೊಡಕು: ಆ ನಟ್‌ಗೆ ಅದರದೇ ಸಾಕೆಟ್ ಬೇಕು, ಬಿಗಿಯುವುದು 600 ಎನ್ಎಂಗೆ. ಊರಿನ ಪಂಕ್ಚರ್ ಅಂಗಡಿಯ ಕೆಲಸ ಅಲ್ಲ.

ಎರಡನೆಯದು ಫ್ರಂಟ್ ಆಕ್ಸಲ್ ಲಿಫ್ಟ್. ಗುಂಡಿ ಒತ್ತಿದರೆ ಮೂತಿ ಸುಮಾರು 40 ಮಿ.ಮೀ. ಏಳುತ್ತೆ. ಹೊಸ ಕಾರಾದರೆ ಆರ್ಡರ್ ಮಾಡುವಾಗಲೇ ಬರೆಸಿ. ಆಮೇಲೆ ಹಾಕಿಸಹೋದರೆ ಖರ್ಚೂ ಹೆಚ್ಚು, ವಾರಂಟಿಯ ತಕರಾರೂ ಬರುತ್ತೆ. ಹಳೆಯದಾದರೆ ಲಿಫ್ಟ್ ಇಲ್ಲದ ಕಾರನ್ನು ನೋಡಲೂ ಹೋಗಬೇಡಿ. ಆದರೆ ಲಿಫ್ಟ್ ಎತ್ತುವುದು ಮೂತಿಯನ್ನು ಮಾತ್ರ. ಕಾರಿನ ನಡುಹೊಟ್ಟೆಗೆ ಸಿಗುವುದು ಅದರರ್ಧ, 20 ಮಿ.ಮೀ. ನಿಯಮದ ಪ್ರಕಾರ ಕಟ್ಟಿದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರುತ್ತೆ. 911ರ ವೀಲ್‌ಬೇಸ್ 2.45 ಮೀಟರ್, ಹಾಗಾಗಿ ನಾಲ್ಕೂ ಚಕ್ರ ಹಂಪಿನ ಮೇಲೇ ನಿಲ್ಲುತ್ತವೆ. ಚಕ್ರಗಳ ನಡುವೆ ಉಬ್ಬು ಏಳುವುದು ನಾಲ್ಕೂವರೆ ಸೆಂ.ಮೀ. ಆಸುಪಾಸು. ಆರಾಮಾಗಿ ದಾಟುತ್ತೆ. ಹಳ್ಳಿಯವರು ಮಣ್ಣು, ಜಲ್ಲಿ ಗುಡ್ಡೆ ಹಾಕಿ ಎಬ್ಬಿಸಿದ ಗಿಡ್ಡ ಹಂಪ್ ಇದೆಯಲ್ಲ, ಅದರ ಪೂರ್ತಿ ಎತ್ತರ ಹೊಟ್ಟೆಯ ಕೆಳಗೇ ಬರುತ್ತೆ. ಅಲ್ಲಿ ಲಿಫ್ಟ್ ಎತ್ತಿ, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ಪಿಎಎಸ್ಎಂ (ಪೋರ್ಶೆಯ ಡ್ಯಾಂಪರ್ ನಿಯಂತ್ರಣ) ಸ್ಪೋರ್ಟ್ ಸಸ್ಪೆನ್ಷನ್ ಇದ್ದರೆ ಕಾರು ಇನ್ನೂ 10 ಮಿ.ಮೀ. ತಗ್ಗು. ಬೇಡವೇ ಬೇಡ.

ನನ್ನ ಮತ: ಹೊಸ ಬೇಸ್ ಕ್ಯಾರೆರಾ, 19/20 ಚಕ್ರ, ಫ್ರಂಟ್ ಲಿಫ್ಟ್.

ಹುಲಿಕಲ್_ಹಾದಿ:

ಟೈರಿನ ಮಾತು ಪೂರ್ತಿ ಒಪ್ಪಿದೆ ಮಾರಾಯ್ರೆ, ಆದ್ರೆ 4 ಜಿಟಿಎಸ್ಸನ್ನು ಅಷ್ಟು ಸಲೀಸಾಗಿ ಬದಿಗಿಡೋದು ಬೇಡ. ಅದರ ಹಿಂದಿನ ಚಕ್ರಗಳೂ ತಿರುಗುತ್ತವೆ. ನಿಧಾನದಲ್ಲಿ ಮುಂದಿನ ಚಕ್ರಕ್ಕೆ ವಿರುದ್ಧ ದಿಕ್ಕಿಗೆ ತಿರುಗೋದ್ರಿಂದ ಹುಲಿಕಲ್, ಆಗುಂಬೆಯಂಥ ಕಡಿದಾದ ತಿರುವಿನಲ್ಲಿ ಕಾರು ಗಿಡ್ಡಾದ ಹಾಗೆ ವರ್ತಿಸುತ್ತೆ. ಎದುರಿಗೆ ಬಸ್ ಬಂದು ಜಾಗ ಕಮ್ಮಿಯಾದಾಗ ಇದರ ಬೆಲೆ ಗೊತ್ತಾಗೋದು. ಬೇಸ್ ಕ್ಯಾರೆರಾಗೆ ಇದು ಸಿಗಲ್ಲ. ಎಸ್‌ಗೆ ಆಪ್ಷನ್, ಅಂದ್ರೆ ಆ ಹಳೇ ಕಾರಿನಲ್ಲಿ ಇದೆಯೋ ಇಲ್ವೋ ಬಿಲ್ಡ್ ಶೀಟ್ (ಕಾರ್ಖಾನೆಯಲ್ಲಿ ಹಾಕಿದ ಆಪ್ಷನ್‌ಗಳ ಪಟ್ಟಿ) ನೋಡಬೇಕು.

ಹೆಸರಿನ 4 ಸೂಚಿಸುವ ಫೋರ್ ವೀಲ್ ಡ್ರೈವ್ ವಿಚಾರದಲ್ಲಿ ಮಾತ್ರ ಜನ ತಪ್ಪು ತಿಳೀತಾರೆ. ಪಾಚಿ ಹಿಡಿದ, ಎಲೆ ಬಿದ್ದ ರಸ್ತೆಯಲ್ಲಿ ತಿರುವಿನಿಂದ ಮೇಲಕ್ಕೆ ಹತ್ತುವಾಗ ಅದು ಸಹಾಯ ಮಾಡುತ್ತೆ. ಇಳಿಯುವಾಗ ಬ್ರೇಕ್ ಹಿಡಿದರೆ, ತಿರುವಿಗೆ ನುಗ್ಗುವಾಗ ಮೂತಿ ಹೊರಗೆ ಜಾರಿದರೆ ಅದು ಏನೂ ಮಾಡಲ್ಲ. 911ರ ಎಂಜಿನ್ ಹಿಂದೆ ಕೂತಿರೋದ್ರಿಂದ ಟೂ ವೀಲ್ ಡ್ರೈವ್ ಕಾರಿಗೂ ಹತ್ತುವಾಗ ಹಿಡಿತ ಚೆನ್ನಾಗಿರುತ್ತೆ; ಹಗುರ ಇರೋದು ಮುಂದಿನ ಚಕ್ರ. ಹಾಗಾಗಿ ಮುಂದಿನ ಟೈರಿನ ಹೂವು (ಟ್ರೆಡ್ಡಿನ ಆಳ) 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸಿ. ಕಾನೂನಿನ 1.6 ಮಿ.ಮೀ. ಆಗುಂಬೆ ಮಳೆಗೆ ಸಾಲದು. ಟೈರಿನ ಮೇಲೆ ಎನ್0, ಎನ್1 ಅಂತ ಪೋರ್ಶೆ ಗುರುತು ಇರಲಿ, ನಾಲ್ಕೂ ಒಂದೇ ಗುರುತಿನವಾಗಿರಲಿ.

ವೆಟ್ ಮೋಡ್ ಮೂರರಲ್ಲೂ ಇದೆ. ಮುಂದಿನ ಚಕ್ರದ ಗೂಡಿನ ಸೆನ್ಸರ್ ನೀರು ಸಿಡಿಯುವ ಸದ್ದು ಹಿಡಿದು ಮೀಟರಿನಲ್ಲಿ ಸೂಚನೆ ಕೊಡುತ್ತೆ. ಸೂಚನೆ ಮಾತ್ರ, ಮೋಡ್ ಹಾಕಬೇಕಾದ್ದು ನೀವೇ. ಇಳಿಯುವಾಗ ಪಿಡಿಕೆಯನ್ನು (ಪೋರ್ಶೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಮ್ಯಾನ್ಯುವಲ್‌ಗೆ ಹಾಕಿ ಎರಡನೇ ಗೇರಿನಲ್ಲಿ ಬಿಡಿ, ಬ್ರೇಕ್ ಕಾಯಲ್ಲ.

ಪಿಟ್_ಕೆಳಗಿನಿಂದ:

ಸೆಕೆಂಡ್ ಹ್ಯಾಂಡ್ ಎಸ್ ಬಗ್ಗೆ ಹೇಳುತ್ತೇನೆ. ಸರಿಯಾದ ಕಾರು ಸಿಕ್ಕರೆ ಮೂರರಲ್ಲಿ ದುಡ್ಡಿಗೆ ಹೆಚ್ಚು ಬೆಲೆ ಕೊಡುವುದು ಅದೇ. ಆದರೆ ನೆಲದ ಮೇಲೆ ನಿಂತ ಕಾರು ನೋಡಿ ಮುಂಗಡ ಕೊಡಬೇಡಿ, ವರ್ಕ್‌ಶಾಪಿನ ಲಿಫ್ಟ್‌ಗೆ ಏರಿಸಿ.

ತಳದ ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ಉದ್ದುದ್ದ ಗೀರು, ಕಿತ್ತ ಸ್ಕ್ರೂ ಇದ್ದರೆ ಆ ಕಾರು ಹಂಪಿಗೆ ಬಡಿಸಿಕೊಂಡೇ ಓಡಿದೆ ಎಂದರ್ಥ. ಮುಚ್ಚಳ ಬಿಚ್ಚಿಸಿ ಒಳಗೆ ನೋಡಿ. ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ ಕೂಲಂಟ್ ರೇಡಿಯೇಟರ್, ಎಸಿ ಕಂಡೆನ್ಸರ್ ಇವೆ. ಗಾಳಿಕಿಂಡಿಯಿಂದ ಎಲೆ, ಕಸ ಒಳಗೆ ಸೇರಿ ಒದ್ದೆಯಾಗಿ ಕೂತರೆ ಅಲ್ಯೂಮಿನಿಯಂ ರೆಕ್ಕೆಗಳು ಕೊರೆದು ಪುಡಿಯಾಗುತ್ತವೆ, ಕೊನೆಗೆ ಸೋರುತ್ತದೆ. ಟಾರ್ಚ್ ಹಿಡಿದು ಕಿಂಡಿಯೊಳಗೆ ನೋಡಿದರೆ ಗೊತ್ತಾಗುತ್ತದೆ. ನೀವು ಕೊಂಡ ಮೇಲೂ ಪ್ರತಿ ಮಳೆಗಾಲ ಮುಗಿದ ಕೂಡಲೇ ವ್ಯಾಕ್ಯೂಮ್‌ನಿಂದ ಕಸ ಎಳೆಸಿ. ಪ್ರೆಷರ್ ವಾಷ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ಚಕ್ರಗಳನ್ನು ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ಒಳ ಅಂಚು ನೋಡಿ. ರಿಮ್ಮಿನ ಬಿರುಕು ಅಲ್ಲೇ ಇರುತ್ತದೆ, ಹೊರಗಿನಿಂದ ಕಾಣದು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾದ ದಾಖಲೆ ಕೇಳಿ. ತೇವಾಂಶ ಹೀರಿದ ಆಯಿಲ್ ಘಾಟಿ ಇಳಿಯುವಾಗ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಎಂಜಿನ್ ಆಯಿಲ್ ನೋಡಲು ಡಿಪ್‌ಸ್ಟಿಕ್ ಇಲ್ಲ, ಬಿಸಿ ಎಂಜಿನ್ನಿನಲ್ಲಿ ಮೀಟರಿನ ಮೆನುವಿನಲ್ಲೇ ನೋಡಬೇಕು. ಪೋರ್ಶೆ ಅಪ್ರೂವ್ಡ್ ವಾರಂಟಿ ಚಾಲ್ತಿಯಲ್ಲಿದ್ದು ನಿಮ್ಮ ಹೆಸರಿಗೆ ವರ್ಗವಾಗುವುದಾದರೆ ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹೈಬ್ರಿಡ್ ಜಿಟಿಎಸ್‌ನಲ್ಲಿ 400 ವೋಲ್ಟಿನ ವ್ಯವಸ್ಥೆ ಇದೆ. ಬ್ಯಾಟರಿ 1.9 ಕಿಲೋವ್ಯಾಟ್ ಅವರ್ ಅಷ್ಟೇ, ಚಾರ್ಜಿಗೆ ಹಾಕುವ ತಲೆನೋವಿಲ್ಲ. ಆದರೆ ತರಬೇತಿ ಪಡೆದವರು ಬಿಟ್ಟು ಬೇರೆಯವರು ಮುಟ್ಟುವ ಹಾಗಿಲ್ಲ. ಬೆಂಗಳೂರು 300 ಕಿ.ಮೀ.ಗಿಂತಲೂ ಹೆಚ್ಚು ದೂರ ಇರುವಾಗ ನಾನಾದರೆ ಆರಿಸುವುದಿಲ್ಲ.

ಕುಶಾವತಿ_ದಂಡೆ:

ಜಿಟಿಎಸ್ ಕೈಬಿಟ್ಟೆ. ಎರಡು ಪ್ರಶ್ನೆ ಉಳಿದವು. ತೆರಿಗೆ ಎಷ್ಟಾಗುತ್ತೆ? ಅಂಗಳದ ಇಳಿಜಾರು ತಾಗುತ್ತೋ ಇಲ್ವೋ ಅಂತ ಕಾರು ಬರುವ ಮೊದಲೇ ತಿಳಿಯೋದು ಹೇಗೆ?

ಘಾಟಿ_ಗೇರ್:

ತೆರಿಗೆ: ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. ಬಿಲ್ 2 ಕೋಟಿ ಅಂದ್ರೆ 36 ಲಕ್ಷ ಮತ್ತು 3.96 ಲಕ್ಷ, ಹತ್ತಿರ ಹತ್ತಿರ 40 ಲಕ್ಷ. ಬಿಲ್ಲಿನಲ್ಲಿ ಸೇರಿದ ಪ್ರತಿ ಆಪ್ಷನ್ನಿಗೂ ಇದು ಬೀಳುತ್ತೆ, ಲಿಫ್ಟ್ ಬಿಟ್ಟು ಉಳಿದದ್ದನ್ನು ಯೋಚಿಸಿ ಹಾಕಿ. ಶೇ. 1 ಟಿಸಿಎಸ್ (ಮಾರುವವರು ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಬೇರೆ, ಅದನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಹಳೇ ಎಸ್ ಕರ್ನಾಟಕದ್ದೇ ನೋಂದಣಿಯಾಗಿದ್ದರೆ ತೆರಿಗೆ ಕಟ್ಟಿ ಮುಗಿದಿರುತ್ತೆ. ಹೊರರಾಜ್ಯದ್ದಾದರೆ ಎನ್ಒಸಿ ತಂದು ಇಲ್ಲಿ ಮತ್ತೆ ಕಟ್ಟಬೇಕು, ಅಗ್ಗ ಅನ್ನಿಸಿದ ಕಾರು ಅಲ್ಲೇ ದುಬಾರಿಯಾಗೋದು. ಹೊಸ ಕೂಪೆಗೆ ಹಿಂದಿನ ಸೀಟು ತಾನಾಗಿ ಬರಲ್ಲ, ದುಡ್ಡಿಲ್ಲದೆ ಸಿಗುತ್ತೆ, ಆದರೆ ಕೇಳಿ ಬರೆಸಬೇಕು.

ಇಳಿಜಾರು: ನೆಟ್ಟಗಿರುವ ಮೂರೂವರೆ ಮೀಟರ್ ಅಡಿಕೆ ದಬ್ಬೆ ತಗೊಳ್ಳಿ. ಚಪ್ಪಟೆಯಾಗಿಟ್ಟರೆ ಬಾಗುತ್ತೆ, ಅಂಚಿನ ಮೇಲೆ ನಿಲ್ಲಿಸಿ. ಹಿಂದಿನ ತುದಿಗೆ ಒಂದು, ಅಲ್ಲಿಂದ 2.45 ಮೀಟರ್ ದೂರಕ್ಕೆ ಇನ್ನೊಂದು ಮರದ ತುಂಡು ಕಟ್ಟಿ, ದಬ್ಬೆಯ ಕೆಳ ಅಂಚು ನೆಲದಿಂದ 10 ಸೆಂ.ಮೀ. ಮೇಲಿರಬೇಕು. ಆ ತುಂಡುಗಳೇ ಚಕ್ರ, ಮುಂದೆ ಚಾಚಿದ ಒಂದು ಮೀಟರ್ ಮೂತಿ. ಗೇಟಿನಿಂದ ಅಂಗಳದವರೆಗೆ ನಿಧಾನ ಎಳೆಯಿರಿ. ತಾಗಿದ ಕಡೆ ಸುಣ್ಣದ ಗುರುತು ಹಾಕಿ. ಆಮೇಲೆ ಮುಂದಿನ ತುಂಡನ್ನು 14 ಸೆಂ.ಮೀ.ಗೆ ಏರಿಸಿ ಮತ್ತೊಮ್ಮೆ ಎಳೆದರೆ ಲಿಫ್ಟ್ ಎತ್ತಿದ ಲೆಕ್ಕ ಸಿಗುತ್ತೆ. ಆಗಲೂ ತಾಗಿದ ಜಾಗ ಒಡೆಸಿ, ಎರಡು ಇಳಿಜಾರು ಕೂಡುವಲ್ಲಿ ಮೂರು ಮೀಟರ್ ಉದ್ದಕ್ಕೆ ಬಳುಕಿಸಿ ಕಾಂಕ್ರೀಟ್ ಹಾಕಿಸಿ. ಕಾರಿನ ಅಗಲ ಕನ್ನಡಿ ಸೇರಿ 2.02 ಮೀಟರ್, ಗೇಟನ್ನೂ ಅಳೆದುಕೊಳ್ಳಿ.

ಪಿಟ್_ಕೆಳಗಿನಿಂದ:

ಶೆಡ್ಡಿನ ವಿಷಯ ಬಿಟ್ಟುಹೋಯಿತು. ಜೋರು ಮಳೆಯಲ್ಲಿ ವಾರಗಟ್ಟಲೆ ನಿಲ್ಲುವುದಾದರೆ ಬ್ಯಾಟರಿ ಮೇಂಟೇನರ್ ಹಾಕಿಡಿ. ಲಿಥಿಯಂ ಬ್ಯಾಟರಿಯ ಕಾರಾದರೆ ಅದಕ್ಕೆಂದೇ ಇರುವ ಚಾರ್ಜರ್ ಬೇಕು. 911ರ ಮುಂದಿನ ಬಾನೆಟ್ ತೆರೆಯುವುದೂ ಕರೆಂಟಿನಿಂದಲೇ. ಬ್ಯಾಟರಿ ಪೂರ್ತಿ ಸತ್ತರೆ ಕಾಲಿಡುವ ಜಾಗದ ಫ್ಯೂಸ್ ಬಾಕ್ಸಿನಲ್ಲಿ ಹೊರಗೆಳೆಯುವ ಪ್ಲಸ್ ಟರ್ಮಿನಲ್ ಇದೆ, ಅಲ್ಲಿಗೆ ಹೊರಗಿನ ಬ್ಯಾಟರಿ ಕೊಟ್ಟು ತೆರೆಯಬೇಕು. ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಎಥನಾಲ್ ಬೆರೆತ ಪೆಟ್ರೋಲ್ ಖಾಲಿ ಟ್ಯಾಂಕಿನ ಗಾಳಿಯಿಂದ ತೇವ ಹೀರುತ್ತದೆ. 95 ಆಕ್ಟೇನಿಗೆ ಕಡಿಮೆ ಬೇಡ. ಒದ್ದೆ ಕಾರನ್ನು ಹಾಗೇ ನಿಲ್ಲಿಸಿದರೆ ಬ್ರೇಕ್ ಡಿಸ್ಕಿಗೆ ತುಕ್ಕು, ಲೆದರಿಗೆ ಬೂಸ್ಟು. ಕೊನೆಯ ಅರ್ಧ ಕಿಲೋಮೀಟರ್ ಹಗುರಾಗಿ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿ ಒಳಗೆ ತನ್ನಿ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ಮಾತ್ರ ನಿಲ್ಲಿಸಬೇಡಿ. ಇಲಿ ಬರುವುದು ಅಲ್ಲಿಂದಲೇ, ಅದು ಕಡಿಯುವುದು ವೈರಿಂಗ್.